ಬೆರಳಿಗೆ ಕೂಲಿ, ಮನಸ್ಸು ಪುಕ್ಕಟೆ

“ಬೆರಳಿಗೇನು ಲಕ್ವ ಹೊಡ್ದಿದೆಯೇನೇ, ಹನ್ನೊಂದು? ಒಂದು ಗುಂಡಿ ಒತ್ತೋಕೆ ನಿಮ್ಮಪ್ಪನ ಮನೆಯಿಂದ ಆಳು ಕರೆಸ್ಬೇಕಾ?”

ಹನ್ನೊಂದು ಎಂದರೆ ನಾನು. ನನಗೂ ಹೆತ್ತವರು ಇಟ್ಟ ಹೆಸರೊಂದಿದೆ. ಆದರೆ ನಾವು ಕೆಲಸ ಮಾಡುವ ದೊಡ್ಡ ಹಾಲ್‌ನೊಳಗೆ ಕಾಲಿಡುವ ಮುಂಚೆ ಅದನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಬರಬೇಕು. ಹನ್ನೊಂದನೇ ಮೇಜಿನಲ್ಲಿ ಕೂರುವವಳು ಹನ್ನೊಂದು, ಹದಿನಾರನೆಯದರಲ್ಲಿ ಕೂರುವವಳು ಹದಿನಾರು. ಬೈದವನು ನಮ್ಮ ಮೇಸ್ತ್ರಿ. ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರಿದೆಯಂತೆ. ನಾವು ಇಪ್ಪತ್ತು ಜನ ಹೆಂಗಸರು ಸೇರಿ ಅವನಿಗೆ ಗಡಿಯಾರ ಎಂದು ಹೆಸರಿಟ್ಟಿದ್ದೆವು. ಸೆಕೆಂಡು ಎಣಿಸುವುದು ಬಿಟ್ಟರೆ ಆ ಮನುಷ್ಯನಿಗೆ ಬೇರೇನೂ ಬರುತ್ತಿರಲಿಲ್ಲ.

ನಮ್ಮ ಕೆಲಸ ಹೇಳುತ್ತೇನೆ ಕೇಳಿ, ನಗಬೇಡಿ. ಒಬ್ಬೊಬ್ಬರ ಮೇಜಿನ ಮೇಲೂ ಊಟದ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ. ಅದರಲ್ಲಿ ಒಂದು ದೀಪ, ಒಂದು ಗುಂಡಿ. ದೀಪ ಹಸಿರಾದರೆ ಗುಂಡಿ ಒತ್ತಬೇಕು. ಮೂರು ಸೆಕೆಂಡಿನೊಳಗೆ ಒತ್ತದಿದ್ದರೆ ದೀಪ ಕೆಂಪಾಗಿ ಗಂಟೆ ಬಡಿದುಕೊಳ್ಳುತ್ತದೆ, ಗಡಿಯಾರ ಓಡಿ ಬರುತ್ತಾನೆ. ಒತ್ತಿದರೆ ಎಲ್ಲೋ ಯಾರದೋ ಮನೆಯಲ್ಲಿ ಫೋನು ಕೂಗುತ್ತದೆ. ಯಾರ ಮನೆ, ಯಾವ ನಂಬರು, ನಮಗೆ ಕಾಣಿಸುವುದಿಲ್ಲ. ಫೋನು ಎತ್ತಿದವರ ಹತ್ತಿರ ನಾವು ಮಾತಾಡುವಂತೆಯೂ ಇಲ್ಲ. ಮೊದಲೇ ತುಂಬಿಸಿಟ್ಟ ಯಾವಳದೋ ದನಿ ಅವರಿಗೆ ಐದು ನಿಮಿಷ ವಿಮೆ ಮಾರುತ್ತದೆ. ಅಷ್ಟರಲ್ಲಿ ನಮ್ಮ ಪೆಟ್ಟಿಗೆಯಲ್ಲಿ ಇನ್ನೊಂದು ಹಸಿರು. ಬೆಳಗ್ಗೆಯಿಂದ ಸಂಜೆಯವರೆಗೆ ಇದೇ.

ಇಷ್ಟಕ್ಕೆ ಮನುಷ್ಯರು ಯಾಕೆ ಬೇಕು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಮೊದಲು ಈ ಕೆಲಸವನ್ನು ಯಂತ್ರವೇ ಮಾಡುತ್ತಿತ್ತು. ತಾನೇ ನಂಬರು ತಿರುಗಿಸಿ ತಾನೇ ಮಾತಾಡಿ ತಾನೇ ಇಡುತ್ತಿತ್ತು. ಜನಕ್ಕೆ ತಲೆ ಕೆಟ್ಟು ಯಾರೋ ಕೋರ್ಟಿಗೆ ಹೋದರು. ಮನುಷ್ಯರ ಕೈ ಸೋಕದೆ ಯಂತ್ರ ತಾನಾಗಿ ಮನೆಮನೆಗೆ ಫೋನು ಮಾಡುವುದು ಗ್ರಾಹಕರ ರಕ್ಷಣೆಯ ಕಾನೂನಿಗೆ ವಿರುದ್ಧ ಎಂದು ಕೋರ್ಟು ಹೇಳಿತು. ಎಲ್ಲ ಕಂಪನಿಯವರೂ ತಲೆ ಮೇಲೆ ಕೈ ಹೊತ್ತು ಕೂತರೆ ನಮ್ಮ ಸಾಹುಕಾರರ ವಕೀಲ ಮಾತ್ರ ತೀರ್ಪನ್ನು ಎರಡು ಸಲ ಓದಿ ನಕ್ಕನಂತೆ.

“ಕೈ ಸೋಕಬೇಕು, ಅಷ್ಟೇ ತಾನೇ? ಸೋಕಿಸೋಣ ಬಿಡಿ. ಈ ಊರಲ್ಲಿ ಕೈಗೇನು ಬರ?”

ಆಗ ನಾನು ಅದೇ ಕಟ್ಟಡದ ನಾಲ್ಕು ಮಹಡಿಯ ಮೆಟ್ಟಿಲು ಗುಡಿಸುತ್ತಿದ್ದೆ. ಸಾಹುಕಾರರು ಇಳಿದು ಬರುವಾಗ ಗೋಡೆಗೆ ಅಂಟಿಕೊಂಡು ನಿಂತಿದ್ದೆ. “ಗುಡಿಸೋಕೆ ಹತ್ತೂ ಬೆರಳು ಬೇಕಲ್ವೇನಮ್ಮ? ನಮಗೆ ಒಂದು ಸಾಕು, ಬರ್ತೀಯಾ?” ಎಂದರು. ಕೂತು ಮಾಡುವ ಕೆಲಸ, ನೆರಳು, ತಲೆಯ ಮೇಲೆ ಫ್ಯಾನು. ನನ್ನ ಪುಣ್ಯ ಎಂದುಕೊಂಡು ಪೊರಕೆ ಬಿಸಾಕಿ ಹೋದೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಹದಿನಾರು ಇದ್ದಾಳಲ್ಲ, ಅವಳು ಬಲು ಘಾಟಿ. ಮೊದಲು ಬಟ್ಟೆ ಕಾರ್ಖಾನೆಯಲ್ಲಿ ಕೆಲಸ ಮಾಡಿದವಳು. ಯಾವ ಯಂತ್ರವನ್ನು ಎಲ್ಲಿ ತಿವಿದರೆ ಏನಾಗುತ್ತದೆ ಎಂದು ಬಲ್ಲವಳು. ಎರಡನೇ ವಾರಕ್ಕೇ ಅವಳ ತೋರುಬೆರಳು ಬಾತುಕೊಂಡಿತು. ಒಂದು ದಿನ ಮನೆಯ ಬೀಗ ತಂದು ಗುಂಡಿಯ ಮೇಲೆ ಹೇರಿ, ರಬ್ಬರ್ ಹಾಕಿ ಬಿಗಿದು, ಕೈ ಕಟ್ಟಿ ಕೂತಳು. ಹಸಿರು ಹತ್ತಿದೊಡನೆ ಕರೆ ತಾನಾಗಿ ಹೋಗುತ್ತಿತ್ತು. ಒಂದೂ ತಪ್ಪಲಿಲ್ಲ. ಅರ್ಧ ದಿನ ಮಹಾರಾಣಿಯಾಗಿ ಮೆರೆದಳು.

ಗಡಿಯಾರ ನೋಡಿದ. ಅವನ ಮುಖ ಸುಣ್ಣವಾಯಿತು. ನಾವು ಸೋಮಾರಿತನಕ್ಕೆ ಬೈಯುತ್ತಾನೆ ಎಂದುಕೊಂಡೆವು.

“ಹಾಳಾದೋಳೇ! ಅದು ತಾನಾಗೇ ಒತ್ಕೊಂಡ್ರೆ ಯಂತ್ರ ಆಗೋಗಲ್ವೇನೇ? ಕೋರ್ಟಿಗೆ ಗೊತ್ತಾದ್ರೆ ಕಂಪನಿ ಮುಚ್ತಾರೆ! ಕಾನೂನು ಮುರೀತೀಯಾ, ಮುಂಡೇದೇ?”

ಅವಳನ್ನು ಸ್ಟೂಲಿನ ಮೇಲೆ ಹತ್ತಿಸಿ ನಮ್ಮೆಲ್ಲರ ಎದುರಿಗೆ ನಿಲ್ಲಿಸಿದ. “ನಾನು ಮನುಷ್ಯಳು, ನನ್ನ ಕೈಯಿಂದಲೇ ಒತ್ತುತ್ತೇನೆ” ಎಂದು ಇಪ್ಪತ್ತು ಸಲ ಹೇಳಿಸಿದ. ಅವಳು ಹತ್ತರವರೆಗೆ ನಗುತ್ತಾ ಹೇಳಿದಳು. ಹನ್ನೆರಡಕ್ಕೆ ದನಿ ಒಡೆಯಿತು. ನಮಗೆ ಅವಳ ಕಡೆ ತಿರುಗಿ ನೋಡಲೂ ಆಗಲಿಲ್ಲ, ದೀಪ ಹತ್ತುತ್ತಲೇ ಇತ್ತು.

ಹೀಗೆ ಒಂದು ವರ್ಷ ನಡೆಯಿತು. ಅಷ್ಟರಲ್ಲಿ ಇನ್ನೊಂದು ತೀರ್ಪು ಬಂತು. ಯಾವುದೋ ದೊಡ್ಡ ಕೋರ್ಟಿನಲ್ಲಿ, ಇಂಥದೇ ಬೇರೊಂದು ಕಂಪನಿಯ ಮೇಲೆ. ಬೆರಳೊಂದು ಗುಂಡಿಗೆ ತಾಕಿದರೆ ಸಾಲದು, ಯಾರಿಗೆ ಕರೆ ಮಾಡಬೇಕು ಎಂದು ಮನಸ್ಸು ಮಾಡಿದವರೂ ಮನುಷ್ಯರೇ ಆಗಿರಬೇಕು ಎಂದು. ಮರುದಿನ ಗಡಿಯಾರ ಗೋಡೆಗೆ ದೊಡ್ಡ ಬೋರ್ಡು ಹೊಡೆದ: ‘ಒತ್ತುವ ಮುನ್ನ ಯೋಚಿಸಿ.’ ಅದರ ಕೆಳಗೆ ನಿಂತು, ಇವತ್ತಿನಿಂದ ಮೂರು ಸೆಕೆಂಡು ಇಲ್ಲ, ಎರಡೇ ಸೆಕೆಂಡು ಎಂದ. ಸಂಜೆ ಹೋಗುವಾಗ ಒಂದೊಂದು ಚೀಟಿಗೆ ಸಹಿ ಹಾಕಿಸಿಕೊಂಡ. ‘ಈ ದಿನ ನಾನು ಎರಡು ಸಾವಿರದ ನಾನೂರು ಸಲ ಸ್ವತಃ ಯೋಚಿಸಿದ್ದೇನೆ’ ಎಂದು ಅದರಲ್ಲಿತ್ತು. ಬೆರಳಿಗೆ ಕೂಲಿ ಕೊಟ್ಟವರು ಮನಸ್ಸನ್ನು ಪುಕ್ಕಟೆ ಕೇಳಿದರು.

ಹದಿನಾರು ಕೈ ಎತ್ತಿದಳು. “ಸಾರ್, ಯೋಚ್ನೆ ಮಾಡಿ ಬೇಡ ಅನ್ನಿಸಿದ್ರೆ?”

“ಬೇಡ ಅನ್ನಿಸಿದ್ರೆ ಮನೆಗೋಗು.”

ಮನೆಯಲ್ಲಿ ನನ್ನ ಅತ್ತೆ. ಗಂಡ ಲಾರಿಯ ಮೇಲಿರುತ್ತಾನೆ, ತಿಂಗಳಿಗೆ ಎರಡು ಸಲ ಮುಖ ತೋರಿಸಿದರೆ ಹೆಚ್ಚು. ಇರುವುದು ಒಂದೂವರೆ ಕೋಣೆ, ನಾನು, ಅತ್ತೆ. ಅವಳು ನಲವತ್ತು ವರ್ಷ ಗಿರಣಿಯಲ್ಲಿ ಹರಿದ ನೂಲು ಹುಡುಕಿ ಹುಡುಕಿ ಗಂಟು ಹಾಕಿದವಳು. ಈಗ ಎರಡು ಕಣ್ಣಿಗೂ ಪೊರೆ. ಎಡಗಣ್ಣಿನದು ಬಲಿತು ಹೋಗಿದೆ, ತಡಮಾಡಿದರೆ ಅದು ಕೈಬಿಟ್ಟಂತೆಯೇ ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಹೇಳಿದ್ದರು. ಪುಕ್ಕಟೆ ಆಪರೇಷನ್ನು, ಉದ್ದ ಸಾಲು. ಸರದಿ ಬಂದಾಗ ಅಲ್ಲಿಂದ ಫೋನು ಬರುತ್ತದೆ. ಮೂರು ಸಲ ಮಾಡುತ್ತಾರೆ, ಸಿಗದಿದ್ದರೆ ಹೆಸರು ಸಾಲಿನ ಕೊನೆಗೆ ಹೋಗುತ್ತದೆ. ಅದಕ್ಕೇ ನಾನು ಫೋನನ್ನು ಅವಳ ಕೈಯಲ್ಲಿ ಕೊಟ್ಟು ಕೆಲಸಕ್ಕೆ ಹೋಗುತ್ತಿದ್ದೆ. ಹಸಿರು ಗುಂಡಿ ಎಲ್ಲಿದೆ ಎಂದು ಅವಳ ಬೆರಳು ಹಿಡಿದು ಕಲಿಸಿದ್ದೆ.

ಫೋನೇನೋ ಬರುತ್ತಿತ್ತು, ಬರೀ ವಿಮೆಯವರದು. ಅತ್ತೆಗೆ ಅದು ತುಂಬಿಸಿಟ್ಟ ದನಿ ಎಂದು ತಿಳಿಯದು. ಯಾವುದೋ ಬಡವರ ಮನೆಯ ಹುಡುಗಿ ಹೊಟ್ಟೆಪಾಡಿಗೆ ಮಾತಾಡುತ್ತಾಳೆ ಎಂದೇ ಅವಳ ನಂಬಿಕೆ.

“ಇವತ್ತೂ ಮಾಡಿದ್ಲು ಕಣೇ ಆ ಹುಡುಗಿ. ಊಟ ಆಯ್ತೇನಮ್ಮ ಅಂದೆ. ಉತ್ತರಾನೇ ಇಲ್ಲ, ಒಂದೇ ಉಸ್ರಲ್ಲಿ ಹೇಳ್ಕೊಂಡು ಹೋದ್ಲು. ಮಧ್ಯೆ ಇಟ್ಬಿಟ್ರೆ ಪಾಪ ಅವಳಿಗೆ ಬೈತಾರೋ ಏನೋ. ಮಾತಾಡ್ಕೊಳ್ಲಿ ಅಂತ ಫೋನ್ನ ಅಲ್ಲೇ ದಿಂಬಿನ ಮೇಲಿಟ್ಟು ನಾನು ಕೈಯಲ್ಲೇ ತಡವಿ ಅಕ್ಕಿ ಆರಿಸ್ತಿದ್ದೆ.”

“ಅಯ್ಯೋ ಅತ್ತೆ, ಇಟ್ಬಿಡೋದಲ್ವಾ!”

“ಸುಮ್ನಿರೇ. ಕೆಲಸ ಮಾಡೋರ ಹೊಟ್ಟೆ ಮೇಲೆ ಹೊಡೀಬಾರ್ದು.”

ಒಂದು ದಿನ ನಾನೇ ರಜೆ ಹಾಕಿ ಆಸ್ಪತ್ರೆಗೆ ಹೋಗಿ ಕೇಳಿದೆ. ಕಿಟಕಿಯೊಳಗಿನವಳು ಪುಸ್ತಕ ತಿರುವಿ, ಒಂದು ಚೀಟಿ ಬರೆದು ಎಸೆದಳು. ಇಂಥ ತಾರೀಖು, ಬೆಳಗ್ಗೆ ಹತ್ತು ನಲವತ್ತು, ಹತ್ತು ನಲವತ್ತೆರಡು, ಹತ್ತು ನಲವತ್ತೈದು. ಮೂರು ಸಲವೂ ನಿಮ್ಮ ಫೋನು ಬೇರೆ ಕರೆಯಲ್ಲಿತ್ತು. ಮುಂದಿನ ಸರದಿ ಎಂಟು ತಿಂಗಳ ಮೇಲೆ. ನಾನು ಗೋಗರೆದೆ, ಕೈ ಮುಗಿದೆ. “ಇಡೀ ದಿನ ಹರಟೆ ಹೊಡೀತಾ ಕೂತ್ರೆ ನಾವೇನಮ್ಮ ಮಾಡೋಣ?” ಎಂದು ಕಿಟಕಿ ಮುಚ್ಚಿದಳು.

ಅದೇ ತಿಂಗಳು ನಮ್ಮ ಕಂಪನಿಯ ಮೇಲೂ ಕೇಸು ಬಿತ್ತು. ಹಾಕಿದವರು ಯಾರೋ ಮುದುಕರು, ರಿಟೈರಾದ ಪೋಸ್ಟ್‌ಮನ್. ನನಗೆ ಕರೆ ಬೇಡ ಎಂದು ಎರಡು ಸಲ ಬರೆದು ಕೊಟ್ಟಿದ್ದರಂತೆ, ಆಮೇಲೂ ನೂರಾ ಹದಿಮೂರು ಕರೆ ಬಂದವಂತೆ. ಒಂದೊಂದರ ತಾರೀಖು, ಗಂಟೆ, ನಿಮಿಷ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಈ ಕೇಸಿನಲ್ಲಿ ಕಂಪನಿಗೆ ಒಂದು ಮನಸ್ಸು ಬೇಕಾಗಿತ್ತು. ಇಪ್ಪತ್ತು ಜನರಲ್ಲಿ ಯಾರ ಮನಸ್ಸು ತರುವುದು ಎಂದು ಗಡಿಯಾರನನ್ನು ಕೇಳಿದರೆ ಅವನು ನನ್ನನ್ನು ತೋರಿಸಿದ. ನನ್ನ ಮುಖ ನೋಡಿದರೆ ಎಂಥವರಿಗೂ ಅಯ್ಯೋ ಎನ್ನಿಸುತ್ತದಂತೆ.

ವಕೀಲನ ಕೋಣೆ ನಾಲ್ಕನೇ ಮಹಡಿಯಲ್ಲಿ. ಆ ಬಾಗಿಲಿನವರೆಗಿನ ಪ್ರತಿ ಮೆಟ್ಟಿಲೂ ನನಗೆ ಗೊತ್ತು, ಒಳಗೆ ಹೋದದ್ದು ಅವತ್ತೇ ಮೊದಲು. ಸಾಹುಕಾರರು ಸೋಫಾದಲ್ಲಿ ಕೂತಿದ್ದರು. ಅವರಿಬ್ಬರಿಗೂ ಪಿಂಗಾಣಿ ಬಟ್ಟಲಲ್ಲಿ ಚಹಾ, ನನಗೆ ಕಾಗದದ ಲೋಟದಲ್ಲಿ. ಕೂರಲು ಹೇಳಲಿಲ್ಲ, ನಾನೂ ಕೂರಲಿಲ್ಲ.

“ನೋಡಮ್ಮ,” ಎಂದ ವಕೀಲ, “ಕೋರ್ಟಲ್ಲಿ ನಾನು ಕೇಳ್ತೀನಿ, ಪ್ರತಿಯೊಂದು ನಂಬರನ್ನೂ ನೋಡಿ, ಯೋಚಿಸಿ, ನಿಮ್ಮ ಸ್ವಂತ ಮನಸ್ಸಿನಿಂದ ಕರೆ ಮಾಡಿದಿರಾ ಅಂತ. ನೀನು ಏನನ್ಬೇಕು?”

“ನಂಬರ್ ಕಾಣ್ಸೋದೇ ಇಲ್ವಲ್ಲ ಸಾರ್.”

ವಕೀಲ ಬಟ್ಟಲನ್ನು ಕೆಳಗಿಟ್ಟ. “ಕಾಣ್ಸುತ್ತೋ ಇಲ್ವೋ ಅಂತ ನಾನು ಕೇಳಿದ್ನಾ? ಹೌದು ಅನ್ಬೇಕು. ಎರಡಕ್ಷರ. ಎರಡಕ್ಷರ ಬರಲ್ವಾ ನಿನ್ನ ಬಾಯಿಗೆ?”

ಹತ್ತು ಸಲ ಹೇಳಿಸಿದ. ಮೊದಲು ಸಣ್ಣ ದನಿಯಾಯಿತು ಎಂದ, ಆಮೇಲೆ ದೊಡ್ಡದಾಯಿತು ಎಂದ. ಹೌದು ಎನ್ನುವಾಗ ನೆಲ ನೋಡಬೇಡ, ಮನಸ್ಸಿರುವವರು ನೆಲ ನೋಡುವುದಿಲ್ಲ ಎಂದ. ಆಮೇಲೆ ಕೋರ್ಟಿನಲ್ಲಿ ಕೇಳಿಸುತ್ತಾರೆ, ಗಾಬರಿಯಾಗಬೇಡ ಎಂದು ಆ ತುಂಬಿಸಿಟ್ಟ ದನಿ ಹಾಕಿದ. ‘ನಮಸ್ಕಾರ, ತಮ್ಮ ಅಮೂಲ್ಯ ಸಮಯದ ಐದೇ ಐದು ನಿಮಿಷ...’ ಅತ್ತೆ ದಿನವೂ ಅಣಕಿಸಿ ತೋರಿಸುತ್ತಿದ್ದುದು ಇದನ್ನೇ. ಅವಳ ಬಡವರ ಮನೆಯ ಹುಡುಗಿ ಇವಳೇ.

ಸಾಹುಕಾರರು ಅಲ್ಲಿಯವರೆಗೆ ಮಾತಾಡಿರಲಿಲ್ಲ. “ನಿಮ್ಮತ್ತೆಗೆ ಕಣ್ಣು ಕಾಣಲ್ವಂತೆ?” ಎಂದರು.

“ಹೌದು ಸ್ವಾಮಿ.”

“ಹಾಂ, ಈ ಹೌದು ಚೆನ್ನಾಗಿದೆ. ಹೀಗೇ ಹೇಳು. ನನ್ನ ಸ್ನೇಹಿತರದೊಂದು ಕಣ್ಣಾಸ್ಪತ್ರೆ ಇದೆ. ನೀನು ಸರಿಯಾಗಿ ಹೇಳಿ ಬಾ, ಅದೇ ವಾರ ಎರಡೂ ಕಣ್ಣು ಮಾಡಿಸಿಕೊಡ್ತೀನಿ.”

ನಾನು ಅವರ ಕಾಲಿಗೆ ಬಿದ್ದೆ. ಸುಳ್ಳೇಕೆ ಹೇಳಲಿ, ಬಿದ್ದೆ.

ಸಹಿ ಹಾಕಲು ಒಂದು ಕಟ್ಟು ಕಾಗದ ಕೊಟ್ಟು ಕಳಿಸಿದ್ದರು. ನಾನು ಏಳನೇ ಕ್ಲಾಸು. ಬೆರಳಿಟ್ಟು ಓದಿದರೆ ಓದುತ್ತೇನೆ. ಸಂಜೆ ಒಲೆಯ ಪಕ್ಕ ಕೂತು ಅತ್ತೆಗೆ ಕೇಳುವಂತೆ ಓದಿದೆ. ಎಲ್ಲ ಕರೆಯೂ ನನ್ನ ಮನಸ್ಸಿನದೇ ಎಂದು ಮೊದಲ ಪುಟ. ಕರೆ ಬೇಡವೆಂದು ಬರೆದುಕೊಟ್ಟವರಿಗೆ ಕರೆ ಹೋಗಿದ್ದರೆ ಅದು ನನ್ನ ಸ್ವಂತ ತೀರ್ಮಾನ, ಅದರಿಂದಾದ ಎಲ್ಲಕ್ಕೂ ನಾನೇ ಹೊಣೆ, ಕಂಪನಿಗೆ ಸಂಬಂಧವಿಲ್ಲ ಎಂದು ಎರಡನೇ ಪುಟ. ಅದನ್ನು ನಾಲ್ಕನೇ ಮಹಡಿಯಲ್ಲಿ ಯಾರೂ ಹೇಳಿರಲಿಲ್ಲ.

ಅತ್ತೆ ಒಂದೊಂದೇ ಬೆರಳು ಮಡಿಸಿದಳು. “ಅಂದ್ರೆ ಬಾಯಿ ಆ ಹುಡುಗೀದು, ಲಾಭ ಅವನ್ದು, ತಪ್ಪು ಮಾತ್ರ ನಿಂದಾ?”

“ಹಂಗೇ ಇದೆ ಅತ್ತೆ.”

“ಲೋಫರ್ ನನ್ಮಕ್ಳು.” ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತದ್ದಲ್ಲ, ಅವಳ ಕಣ್ಣಲ್ಲಿ ಯಾವಾಗಲೂ ನೀರು. “ಆದ್ರೂ ಹೇಳ್ಬಿಡೇ. ಹೊಣೆ ಅಂತ ಬಂದ್ರೆ ನಮ್ಮತ್ರ ಏನಿದೆ ಕಿತ್ಕೊಳ್ಳೋಕೆ, ಈ ಪಾತ್ರೆನಾ? ಹೇಳ್ಬಿಡು. ನಿನ್ನ ಮುಖ ನೋಡಿ ಎರಡು ವರ್ಷ ಆಯ್ತು ಕಣೇ. ದಪ್ಪ ಆಗಿದ್ದೀಯೋ ಸಣ್ಣ ಆಗಿದ್ದೀಯೋ, ಅದೂ ಗೊತ್ತಿಲ್ಲ.”

ಅಲ್ಲಿಗೆ ಹೇಳಿಬಿಡುವುದು ಎಂದೇ ನಿಶ್ಚಯವಾಯಿತು. ಕೊನೆಯ ಪುಟ ಉಳಿದಿತ್ತು. ಅದರಲ್ಲಿ ಬರೀ ನಂಬರುಗಳು. ನಮೂನೆಗೆ ಒಂದು ದಿನ ಬೆಳಗ್ಗೆ ಹತ್ತೂವರೆಯಿಂದ ಅರ್ಧ ಗಂಟೆಯದ್ದು, ಹನ್ನೊಂದನೇ ಮೇಜಿನಿಂದ ಹೋದ ಕರೆಗಳು. ನನ್ನ ಕೆಲಸ ನಾನೇ ನೋಡಿದ್ದು ಅವತ್ತೇ ಮೊದಲು. ಇಷ್ಟೊಂದು ಜನರಿಗೆ ಫೋನು ಮಾಡಿದ್ದೇನಲ್ಲ ಎಂದು ಬೆರಳು ಎಳೆಯುತ್ತಾ ಬಂದೆ. ಅರ್ಧದಲ್ಲಿ ಬೆರಳು ನಿಂತಿತು. ಆ ನಂಬರು ನಮ್ಮ ಮನೆಯದು. ಹತ್ತು ಮೂವತ್ತೊಂಬತ್ತಕ್ಕೆ ಒಂದು ಸಲ, ಹತ್ತು ನಲವತ್ತನಾಲ್ಕಕ್ಕೆ ಇನ್ನೊಂದು ಸಲ. ತಾರೀಖು ನೋಡಿದೆ. ಡಬ್ಬದಲ್ಲಿಟ್ಟಿದ್ದ ಆಸ್ಪತ್ರೆಯ ಚೀಟಿ ತೆಗೆದು ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಅದೇ ದಿನ.

“ಯಾಕೇ ಸುಮ್ನಾದೆ? ಮುಗೀತಾ?”

“ಮುಗೀತು ಅತ್ತೆ.”

ಆಸ್ಪತ್ರೆಯವರು ಮೂರು ಸಲ ಬಾಗಿಲು ತಟ್ಟುವಾಗ ಒಳಗಿನಿಂದ ಅಗುಳಿ ಹಾಕಿ ಕೂತವಳು ನಾನೇ. ಯಾರಿಗೆ ಬೈಯಲಿ? ರಾತ್ರಿಯ ಅಡುಗೆ ಸೀದು ಹೋಯಿತು. ಇಬ್ಬರೂ ಅದನ್ನೇ ತಿಂದೆವು. ಊಟವಾದ ಮೇಲೆ ಕಾಗದಕ್ಕೆ ಸಹಿಯನ್ನೂ ಹಾಕಿದೆ. ಮಾಡಿದ ಪಾಪಕ್ಕೆ ಅವಳ ಕಣ್ಣು ತಂದುಕೊಟ್ಟರೆ ಸರಿಹೋಗುತ್ತದೆ ಎಂದು ನನ್ನ ಲೆಕ್ಕ.

ಕೋರ್ಟಿನ ದಿನ ಹಾಲ್ ಮುಚ್ಚಿ ಇಪ್ಪತ್ತು ಜನರನ್ನೂ ವ್ಯಾನಿನಲ್ಲಿ ತುಂಬಿಕೊಂಡು ಹೋದರು. ಎಲ್ಲರಿಗೂ ಒಂದೇ ಬಣ್ಣದ ಹೊಸ ಕೋಟು. “ನಾವು ಮನುಷ್ಯರು ಅಂತ ತೋರ್ಸೋಕಂತೆ,” ಎಂದು ಹದಿನಾರು ನನ್ನ ಕಿವಿಯಲ್ಲಿ ಹೇಳಿ ಕಿಸಕ್ಕೆಂದಳು. ನನಗೆ ನಗು ಬರಲಿಲ್ಲ. ಗಡಿಯಾರ ಒಂದು ಪೆಟ್ಟಿಗೆಯನ್ನು ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಗತ್ಯ ಬಿದ್ದರೆ ನ್ಯಾಯಾಧೀಶರಿಗೆ ತೋರಿಸಬೇಕಂತೆ.

ಕಾರಿಡಾರಿನ ಬೆಂಚಿನ ಮೇಲೆ ಒಬ್ಬ ಮುದುಕರಿದ್ದರು. ಕೈಯಲ್ಲಿ ನೋಟ್‌ಬುಕ್ಕು. ನನ್ನ ಕೋಟಿನ ಮೇಲಿನ ಸಂಖ್ಯೆ ನೋಡಿದರು.

“ನೀನೇನಮ್ಮಾ ಹನ್ನೊಂದನೇ ಮೇಜು? ನಮ್ಮನೆಯವಳನ್ನ ಸುಡೋಕೆ ತಗೊಂಡು ಹೋಗ್ತಿದ್ದಾಗ ವಿಮೆ ಬೇಕಾ ಅಂತ ಫೋನು ಬಂತು. ಆ ದಿನದ್ದೂ ನಿನ್ನ ಮೇಜಿಂದೇ ಅಂತ ಕಂಪನಿಯವ್ರು ಕೊಟ್ಟ ಪಟ್ಟೀಲಿದೆ. ನೋಡಿ, ಯೋಚ್ನೆ ಮಾಡಿ ಮಾಡಿದ್ದು ಅಂತ ಬರ್ಕೊಟ್ಟಿದ್ದೀಯಂತೆ. ಹೊಟ್ಟೆಗೆ ಏನಮ್ಮಾ ತಿಂತೀಯ ನೀನು?”

ಮೂವತ್ತೈದು ವರ್ಷ ಊರಿನವರ ಕಾಗದ ಹೊತ್ತು ನಡೆದ ಕಾಲು ಅವು, ಊದಿಕೊಂಡಿದ್ದವು. ನಾನು ಅವನ್ನೇ ನೋಡುತ್ತಾ ನಿಂತೆ. ಗಡಿಯಾರ ಬಂದು ನನ್ನ ಭುಜ ಹಿಡಿದು ತಳ್ಳಿಕೊಂಡು ಹೋದ.

ಸತ್ಯವನ್ನೇ ಹೇಳುತ್ತೇನೆ ಎಂದು ಹೇಳಿಸಿದರು, ಹೇಳಿದೆ. ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ ಪೆನ್ನು ತೆಗೆದುಕೊಂಡರು. ನಮ್ಮ ವಕೀಲ ಎದ್ದ. ನಾಲ್ಕನೇ ಮಹಡಿಯಲ್ಲಿ ನೀನು ಎನ್ನುತ್ತಿದ್ದವನು ಇಲ್ಲಿ ತಾವು ಎಂದ.

“ತಾವು ಈ ಸಂಸ್ಥೆಯಲ್ಲಿ ಕರೆ ನಿರ್ಧಾರಕರಾಗಿ ಕೆಲಸ ಮಾಡುತ್ತಿದ್ದೀರಿ. ಹೌದೇ?”

ಅದು ನನ್ನ ಕೆಲಸದ ಹೆಸರು ಎಂದು ನನಗೂ ಅವತ್ತೇ ತಿಳಿದದ್ದು. “ಹೌದು.”

“ಯಾರೂ ತಮ್ಮನ್ನು ಬಲವಂತ ಮಾಡುವುದಿಲ್ಲ?”

“ಹೌದು... ಇಲ್ಲ ಸ್ವಾಮಿ.”

“ಪ್ರತಿ ಸಂಖ್ಯೆಯನ್ನೂ ನೋಡಿ, ಯೋಚಿಸಿ, ಸ್ವಂತ ಮನಸ್ಸಿನಿಂದಲೇ ಕರೆ ಮಾಡುತ್ತೀರಿ?”

“ಹೌದು.” ನೆಲ ನೋಡಲಿಲ್ಲ. ಸಾಹುಕಾರರು ಕೂತಲ್ಲೇ ತಲೆಯಾಡಿಸಿದರು. ಅತ್ತೆಯ ಕಣ್ಣು ಅರ್ಧ ಬಂದಿತ್ತು.

ಅಷ್ಟಕ್ಕೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ವಕೀಲನಿಗೆ ಚಪಲ. ಆ ಕೊನೆಯ ಪುಟ ಕೈಗೆತ್ತಿಕೊಂಡ. “ಮಹಾಸ್ವಾಮಿಗಳ ಅವಗಾಹನೆಗೆ ಒಂದೇ ಒಂದು ಉದಾಹರಣೆ ಕೊಡುತ್ತೇನೆ,” ಎಂದು, ಕಣ್ಣು ಮುಚ್ಚಿ ಬೆರಳಿಟ್ಟವನ ಹಾಗೆ ಎಲ್ಲೋ ಮಧ್ಯದಲ್ಲಿ ಬೆರಳಿಟ್ಟು ಓದಿದ. ಒಂದೊಂದೇ ಅಂಕಿ ಬಿಡಿಸಿ ಓದಿದ. “ಹತ್ತು ಗಂಟೆ ಮೂವತ್ತೊಂಬತ್ತು ನಿಮಿಷ. ಈ ಸಂಖ್ಯೆಯನ್ನು ತಾವು ನೋಡಿದಿರಿ. ಇವರಿಗೆ ಕರೆ ಮಾಡುವುದೇ ಸರಿ ಎಂದು ಯೋಚಿಸಿದಿರಿ. ಆಮೇಲೆ ಒತ್ತಿದಿರಿ. ಹೌದೇ?”

ಎರಡಕ್ಷರ. ಬಾಯಿ ತೆರೆದೆ. ಊರಿನ ಯಾವ ನಂಬರಿಗೆ ಬೇಕಾದರೂ ಹೌದು ಎನ್ನುತ್ತಿದ್ದೆ, ಆ ಪೋಸ್ಟ್‌ಮನ್ನರ ನಂಬರಿಗೂ ಎನ್ನುತ್ತಿದ್ದೆ, ಅಷ್ಟು ಕೆಟ್ಟು ಹೋಗಿದ್ದೆ. ಇದಕ್ಕೆ ಹೌದು ಎಂದರೆ ನಾನು ಬೇಕೆಂದೇ, ಯೋಚನೆ ಮಾಡಿ, ಅವಳ ಕಣ್ಣು ಕಿತ್ತೆ ಎಂದಂತಾಗುತ್ತಿತ್ತು.

“ಸಾಕ್ಷಿ ಉತ್ತರಿಸಬೇಕು,” ಎಂದರು ನ್ಯಾಯಾಧೀಶರು.

“ಅದು ನಮ್ಮನೆ ನಂಬರು ಸ್ವಾಮಿ.”

ವಕೀಲ ಪುಟವನ್ನು ಮುಖದ ಹತ್ತಿರ ಹಿಡಿದುಕೊಂಡ.

“ಮನೇಲಿ ನಮ್ಮತ್ತೆ ಒಬ್ಬಳೇ ಇರ್ತಾಳೆ. ಕಣ್ಣು ಕಾಣಲ್ಲ. ಆಸ್ಪತ್ರೆ ಫೋನಿಗೆ ಕಾಯ್ತಾ ಕೂತಿದ್ಲು. ಅವರು ಮಾಡಿದ ಹೊತ್ತಿಗೆ ನಾನು ಈ ದರಿದ್ರ ಗುಂಡಿ ಒತ್ತಿ ಅವಳ ಫೋನು ಕಟ್ಟಾಕಿದೆ. ನಂಬರ್ ಕಂಡಿದ್ರೆ ಒತ್ತಿರ್ತಿದ್ನಾ? ಯೋಚ್ನೆ ಮಾಡಿದ್ರೆ ಮಾಡಿರ್ತಿದ್ನಾ? ನಮಗೆ ದೀಪ ಬಿಟ್ರೆ ಇನ್ನೇನೂ ಕಾಣಲ್ಲ ಸ್ವಾಮಿ. ಹೌದು ಅನ್ನೋದನ್ನ ಇವರೇ ಹತ್ತು ಸಲ ಹೇಳ್ಕೊಟ್ರು.”

ಸಾಹುಕಾರರ ಮುಖ ನೋಡಿದೆ. ಆ ಕಣ್ಣಾಸ್ಪತ್ರೆಯ ಬಾಗಿಲು ಮುಚ್ಚಿತು ಎಂದು ಗೊತ್ತಾಯಿತು. ಆದರೂ ಹೇಳಿದ್ದಕ್ಕೆ ಬೇಸರವಾಗಲಿಲ್ಲ.

ವಕೀಲ ಅಷ್ಟು ಸುಲಭಕ್ಕೆ ಸೋಲುವ ಆಸಾಮಿಯಲ್ಲ. “ಸಾಕ್ಷಿ ಗಾಬರಿಯಾಗಿದ್ದಾರೆ, ಮಹಾಸ್ವಾಮಿ. ಮಾತು ಬೇಡ, ಕಣ್ಣಾರೆ ನೋಡೋಣ,” ಎಂದು ಗಡಿಯಾರನಿಂದ ಪೆಟ್ಟಿಗೆ ತರಿಸಿ ನನ್ನ ಮುಂದೆ ಇಡಿಸಿದ. ಹಾಲ್‌ನಲ್ಲಿರುವ ಹಾಗೆಯೇ ಇದೆ, ನಿಜವಾದ ಕರೆಯೇ ಹೋಗುತ್ತದೆ ಎಂದು ಹೆಮ್ಮೆಯಿಂದ ಹೇಳಿ, ಅವನಿಂದಲೇ ಸ್ವಿಚ್ಚು ಹಾಕಿಸಿ, ಹಿಂದಕ್ಕೆ ಕಳಿಸಿದ. ಹಸಿರು ಹತ್ತಿತು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

“ನೋಡಿದಿರಾ! ಅವರಿಗೆ ಮನಸ್ಸಿಲ್ಲ, ಕರೆ ಹೋಗಲಿಲ್ಲ! ಈ ಯಂತ್ರ ಮನುಷ್ಯರ ಮನಸ್ಸಿಗಾಗಿ ವಿನಯದಿಂದ ಕಾಯುತ್ತದೆ, ಮಹಾಸ್ವಾಮಿ. ಬೇರೆ ಸಾಕ್ಷ್ಯ ಬೇಕೆ?”

ನ್ಯಾಯಾಧೀಶರು ಬರೆದುಕೊಳ್ಳಲು ಶುರು ಮಾಡಿದರು. ವಕೀಲ ಎಲ್ಲವನ್ನೂ ಕಾಗದದಲ್ಲಿ ಓದಿ ತಿಳಿದವನು. ಒಂದು ದಿನವೂ ನಮ್ಮ ಹಾಲ್‌ನಲ್ಲಿ ಕೂತವನಲ್ಲ. ಎರಡು ಸೆಕೆಂಡಿನ ಮೇಲೆ ಏನಾಗುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ದೀಪ ಕೆಂಪಾಯಿತು. ಗಂಟೆ ಬಡಿದುಕೊಂಡಿತು. ಇಪ್ಪತ್ತು ಮೇಜಿನಾಚೆಗೂ ಕೇಳಲಿ ಎಂದು ಮಾಡಿದ ಗಂಟೆ ಅದು. ಆ ಕೋಣೆಯಲ್ಲಿ ಕಿವಿ ಕಿತ್ತು ಬರುವಂತಾಯಿತು. ನ್ಯಾಯಾಧೀಶರ ಪೆನ್ನು ಜಾರಿತು. ನಾನು ಅಲುಗಲಿಲ್ಲ. ಹಿಂದಿನ ಸಾಲಿನಲ್ಲಿ ಗಡಿಯಾರ ಚಡಪಡಿಸುತ್ತಿದ್ದ. ಹಲ್ಲು ಕಚ್ಚಿ ಕೂತರೂ ತಡೆಯಲಾಗಲಿಲ್ಲ ಅವನಿಗೆ. ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿಯೇ ಬಿಟ್ಟ.

“ಏ ಹನ್ನೊಂದು! ಒತ್ತೇ, ಬೇವರ್ಸಿ! ಯೋಚ್ನೆ ಮಾಡ್ತಾ ಕೂತಿದ್ದೀಯಾ?”

ಮೊದಲು ನಕ್ಕವಳು ಹದಿನಾರು. ಆಮೇಲೆ ಹತ್ತೊಂಬತ್ತು ಕೋಟುಗಳೂ ನಕ್ಕವು. ಪೋಸ್ಟ್‌ಮನ್ ನೋಟ್‌ಬುಕ್ಕು ತೆರೆದು ಸಮಯ ನೋಡಿ ಏನೋ ಬರೆದುಕೊಂಡರು. ಗಡಿಯಾರ ಮುಂದಿನ ಬೆಂಚಿನ ಹಿಂದೆ ತಲೆ ತಗ್ಗಿಸಿಕೊಂಡ.

“ಮೊದಲು ಆ ಗಂಟೆ ನಿಲ್ಲಿಸ್ರೀ!” ನ್ಯಾಯಾಧೀಶರು ಮೇಜು ಕುಟ್ಟಿದರು.

“ಒತ್ತಿದ್ರೆ ಮಾತ್ರ ನಿಲ್ಲುತ್ತೆ ಸ್ವಾಮಿ.”

“ಹಾಗಾದ್ರೆ ಒತ್ತಮ್ಮ!”

“ನನಗೆ ಮನಸ್ಸಿಲ್ಲ ಸ್ವಾಮಿ.”

ವಕೀಲ ಸ್ವಿಚ್ಚಿಗೆ ತಡಕಾಡಿದ, ಸಿಗಲಿಲ್ಲ. ಗಂಟೆ ಹೊಡೆಯುತ್ತಲೇ ಇತ್ತು. ಕೊನೆಗೆ ಅವನೇ ಬಗ್ಗಿ, ಉಂಗುರ ಹಾಕಿದ ಬೆರಳಿನಿಂದ ಗುಂಡಿ ಒತ್ತಿದ. ನಿಂತಿತು. ಎಲ್ಲರೂ ಉಸಿರು ಬಿಟ್ಟರು. ಅವನು ಕರ್ಚೀಫು ತೆಗೆದು ಹಣೆ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಹಸಿರು, ಮತ್ತೆ ಕೆಂಪು, ಮತ್ತೆ ಗಂಟೆ. ಕರ್ಚೀಫು ಬಿಟ್ಟು ಒತ್ತಿದ. ಮೂರನೇ ಸಲ ಅವನು ಬುದ್ಧಿ ಕಲಿತಿದ್ದ. ಗಂಟೆಗೆ ಕಾಯದೆ, ಬೆನ್ನು ಬಗ್ಗಿಸಿ, ಬೆರಳು ಗುಂಡಿಯ ಮೇಲೆ ಹಿಡಿದು, ದೀಪವನ್ನೇ ನೋಡುತ್ತಾ ನಿಂತ. ನಾವು ಮೊದಲ ದಿನ ಕಲಿತದ್ದೂ ಹೀಗೆಯೇ.

“ಸಾರ್,” ಎಂದೆ. “ಈಗ ಇಬ್ಬರಿಗೆ ಫೋನು ಮಾಡಿದ್ರಲ್ಲ. ಯಾರ್ಯಾರಿಗೆ ಮಾಡಿದ್ರಿ?”

ವಕೀಲ ಬೆರಳನ್ನು ಗುಂಡಿಯ ಇನ್ನೂ ಹತ್ತಿರಕ್ಕೆ ತಂದ.

“ನಂಬರ್ ನೋಡಿದ್ರಾ ಸಾರ್? ಯೋಚ್ನೆ ಮಾಡಿದ್ರಾ?”

“ಉತ್ತರ ಹೇಳಿ,” ಎಂದರು ನ್ಯಾಯಾಧೀಶರು. ಅವರು ಯಾರಿಗೆ ಹೇಳಿದರು ಎಂದು ಇಡೀ ಕೋರ್ಟಿಗೆ ಅರ್ಥವಾಯಿತು.

ವಕೀಲ ಬಾಯಿ ತೆರೆದ. ಅಷ್ಟರಲ್ಲಿ ಹಸಿರು ಹತ್ತಿತು. ಅವನು ಒತ್ತಿದ.